ವಾದ್ಯತಂಡವೊಂದು ಬೆಳೆಯುವ ಬಗೆ

ಬ್ಯಾಂಡ್ ಎಂಬ ಮಾತು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಮದುವೆಯ ಮೆರವಣಿಗೆಯ ಮುಂದೆ ಸಾಗುವ ಬ್ಯಾಂಡ್ ಬಾಜಾ. ಪಾಶ್ಚಾತ್ಯ ಸಂಗೀತದಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಇದೆ. ಸಾಮಾನ್ಯವಾಗಿ ತಮ್ಮ ಹಾಡಿಗೆ ತಾವೇ ಧಾಟಿ ಕಟ್ಟಿ, ತಾವೇ ನುಡಿಸಿ, ತಾವೇ ಹಾಡುವ ನಾಲ್ಕಾರು ಮಂದಿಯ ಗುಂಪಿಗೂ ಬ್ಯಾಂಡ್ ಎಂದೇ ಹೆಸರು. ಚಲನಚಿತ್ರ ಸಂಗೀತದಲ್ಲಿರುವಂತೆ ಸಂಗೀತ ನಿರ್ದೇಶಕ ಬೇರೆ, ವಾದ್ಯಗಾರ ಬೇರೆ, ಹಿನ್ನೆಲೆ ಗಾಯಕ ಬೇರೆ ಎಂಬ ವಿಂಗಡಣೆ ಇಲ್ಲಿ ಅಷ್ಟಾಗಿ ಇರುವುದಿಲ್ಲ.

ಇಂಥ ತಂಡ ಹೇಗೆ ಹುಟ್ಟುತ್ತದೆ? ಯಾವುದರ ಬಲದಿಂದ ಬೆಳೆಯುತ್ತದೆ? ಈ ಪ್ರಶ್ನೆಗಳಿಗೆ ಅಮೆರಿಕದ ಒಂದು ತಂಡದ ಮತ್ತು ಕರ್ನಾಟಕದ ಒಂದು ತಂಡದ ಕಥೆಯಿಂದ ಉತ್ತರ ಹುಡುಕೋಣ. ಎರಡನೆಯ ತಂಡದ ಹೆಸರು ಮಾಡಿದ ಹಾಡುಗಳ ಬೇರು ಆಳಂದ, ಅಫಜಲಪುರ, ಜೇವರ್ಗಿಯ ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಯವಿರುವ ಭಜನೆಯ ಪರಂಪರೆಯಲ್ಲಿದೆ. ಆದ್ದರಿಂದ ಈ ವಿಷಯ ನಮಗೆ ದೂರದ್ದೇನೂ ಅಲ್ಲ.

ಪವರ್ ಪಾಪ್ ಎಂದರೇನು?

ಇಂಗ್ಲೆಂಡಿನ ಬೀಟಲ್ಸ್ ತಂಡ 1960ರ ದಶಕದಲ್ಲಿ ಜಗತ್ತಿನ ಯುವಜನರನ್ನು ಸೆಳೆದದ್ದು ನಿಮಗೆ ಗೊತ್ತಿರಬಹುದು. ಮೂರು ನಿಮಿಷದ ಹಾಡು, ಒಮ್ಮೆ ಕೇಳಿದರೆ ಮರೆಯದ ಪಲ್ಲವಿ, ಎರಡು ಮೂರು ಕಂಠಗಳು ಕೂಡಿ ಹಾಡುವ ಇಂಪು ಅವರ ಹಾಡುಗಳ ಲಕ್ಷಣಗಳು. ಈ ಇಂಪಿಗೆ ಎಲೆಕ್ಟ್ರಿಕ್ ಗಿಟಾರಿನ ಅಬ್ಬರವನ್ನೂ ಡ್ರಮ್ಮಿನ ಬಿರುಸನ್ನೂ ಬೆರೆಸಿದ ಶೈಲಿಗೆ ಪವರ್ ಪಾಪ್ ಎಂಬ ಹೆಸರು ಬಂದಿತು. ಇಂಗ್ಲೆಂಡಿನ ದಿ ಹೂ ತಂಡದ ಪೀಟ್ ಟೌನ್‌ಶೆಂಡ್ 1967ರಲ್ಲಿ ಈ ಮಾತನ್ನು ಬಳಸಿದರು. ಆದರೆ ಶೈಲಿ ಹುಲುಸಾಗಿ ಬೆಳೆದದ್ದು 1970ರ ದಶಕದ ಅಮೆರಿಕದಲ್ಲಿ. ಕ್ಲೀವ್‌ಲೆಂಡಿನ ರಾಸ್ಪ್‌ಬೆರೀಸ್, ಮೆಂಫಿಸ್ಸಿನ ಬಿಗ್ ಸ್ಟಾರ್, ರಾಕ್‌ಫರ್ಡಿನ ಚೀಪ್ ಟ್ರಿಕ್ ಈ ಬಗೆಯ ಮುಖ್ಯ ತಂಡಗಳು.

ಈ ಶೈಲಿಯಲ್ಲಿ ಸದ್ದು ಎಷ್ಟೇ ಜೋರಾಗಿರಲಿ, ಯಜಮಾನಿಕೆ ಧಾಟಿಯದೇ. ಕೇಳುವವರು ಎರಡನೆಯ ಸಲಕ್ಕೇ ಪಲ್ಲವಿಯಲ್ಲಿ ದನಿಗೂಡಿಸುವಂತಿರಬೇಕು.

ಊರಿನಲ್ಲಿ ಸಿಗದ ಮನ್ನಣೆ

ಚೀಪ್ ಟ್ರಿಕ್ ತಂಡ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಪಟ್ಟಣದಲ್ಲಿ 1973ರ ಹೊತ್ತಿಗೆ ರೂಪುಗೊಂಡಿತು. ಗಿಟಾರಿಗೆ ಹಾಡುಗಳನ್ನೂ ಬರೆಯುತ್ತಿದ್ದ ರಿಕ್ ನೀಲ್ಸನ್, ಬೇಸ್ ಗಿಟಾರಿಗೆ ಟಾಮ್ ಪೀಟರ್ಸನ್, ಡ್ರಮ್ಮಿಗೆ ಬನ್ ಇ. ಕಾರ್ಲೋಸ್, ಹಾಡಲು ರಾಬಿನ್ ಜ್ಯಾಂಡರ್ ಎಂದು ನಾಲ್ವರು ಕೂಡಿಕೊಂಡರು. ಕೆಲವು ವರ್ಷ ಸಣ್ಣಪುಟ್ಟ ಊರುಗಳ ಕ್ಲಬ್ಬುಗಳಲ್ಲಿ ಹಾಡುತ್ತ ತಿರುಗಾಡಿದರು. 1977ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಅದೇ ವರ್ಷ ಎರಡನೆಯದು, 1978ರಲ್ಲಿ ಮೂರನೆಯದು. ಅಮೆರಿಕದಲ್ಲಿ ಮಾರಾಟ ಮಾತ್ರ ಹೇಳಿಕೊಳ್ಳುವಂತಿರಲಿಲ್ಲ.

ಅಚ್ಚರಿಯೆಂದರೆ, ಅವರ ಹಾಡನ್ನು ಮೊದಲು ಮೆಚ್ಚಿ ತಲೆಯ ಮೇಲೆ ಹೊತ್ತವರು ಇಂಗ್ಲಿಷ್ ತಾಯ್ನುಡಿಯಲ್ಲದ ಜಪಾನಿನ ಯುವಜನರು. 1978ರ ಏಪ್ರಿಲ್‌ನಲ್ಲಿ ತಂಡ ಟೋಕಿಯೋ ನಗರದ ಬುಡೋಕಾನ್ ಸಭಾಂಗಣದಲ್ಲಿ ಹಾಡಿತು. 1964ರ ಒಲಿಂಪಿಕ್ಸ್‌ನ ಜೂಡೋ ಸ್ಪರ್ಧೆಗೆಂದು ಕಟ್ಟಿದ ಸಭಾಂಗಣ ಅದು. ಅಲ್ಲಿ ತುಂಬಿದ ಯುವಕ ಯುವತಿಯರು ಕೂಗಿ, ಪಲ್ಲವಿಗೆ ದನಿಗೂಡಿಸಿ, ಕಾರ್ಯಕ್ರಮವನ್ನೇ ತಮ್ಮದಾಗಿಸಿಕೊಂಡರು. ಆ ಸದ್ದುಗದ್ದಲ ಸಹಿತವಾದ ಧ್ವನಿಮುದ್ರಣ ಜಪಾನಿನಲ್ಲಿ ಬಿಡುಗಡೆಯಾಗಿ, 1979ರಲ್ಲಿ ಅಮೆರಿಕಕ್ಕೂ ಬಂದಿತು. ಅಲ್ಲಿನ ಮಾರಾಟದ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೆ ಏರಿತು. 1977ರಲ್ಲಿ ಅಮೆರಿಕನ್ನರು ಕಡೆಗಣಿಸಿದ್ದ ಹಾಡೇ ಈಗ ಜನರ ದನಿಯೊಂದಿಗೆ ಕೇಳಿಬಂದು 7ನೆಯ ಸ್ಥಾನ ಪಡೆಯಿತು. ಹಾಡು ಬದಲಾಗಿರಲಿಲ್ಲ. ಕೇಳುಗರೂ ಸೇರಿದಾಗ ಅದು ಹೇಗೆ ಕೇಳಿಸುತ್ತದೆ ಎಂಬುದು ಈಗ ತಿಳಿದಿತ್ತು.

ಮೈಸೂರಿನ ಅಂತರಾಗ್ನಿ

ಈಗ ನಮ್ಮ ನಾಡಿನ ಕಡೆ ಬರೋಣ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಗಂಡುಮಕ್ಕಳು ಗೆಜ್ಜೆ ಕಟ್ಟುವುದೇನು ಎಂದು ಸಹಪಾಠಿಯೊಬ್ಬರು ಹಾಸ್ಯ ಮಾಡಿದಾಗ ಪಣ ತೊಟ್ಟು ಗಿಟಾರ್ ಕಲಿತೆನೆಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 1998ರಲ್ಲಿ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರೊಂದಿಗೆ ಅಂತರಾಗ್ನಿ ಎಂಬ ತಂಡ ಕಟ್ಟಿದರು. ಒಳಗಿನ ಬೆಂಕಿ ಎಂಬುದು ಆ ಹೆಸರಿನ ಅರ್ಥ.

ಇವರ ಕಷ್ಟವೂ ಚೀಪ್ ಟ್ರಿಕ್ ತಂಡದ ಕಷ್ಟದಂತೆಯೇ ಇದ್ದಿತು. ಸಂಗೀತ ಕಂಪನಿಗಳು ಹಲವು ವರ್ಷ ಇವರ ಧ್ವನಿಮುದ್ರಣ ತೆಗೆದುಕೊಳ್ಳಲಿಲ್ಲ. ನಮ್ಮ ದೇಶದಲ್ಲಿ ಜನಪ್ರಿಯ ಸಂಗೀತವೆಂದರೆ ಬಹುಮಟ್ಟಿಗೆ ಚಲನಚಿತ್ರ ಸಂಗೀತ. ಒಂದೇ ಮುದ್ರಿಕೆಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಹಾಡುಗಳಿದ್ದರೆ ಅದನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡಬೇಕು?

2005ರ ಹೊತ್ತಿಗೆ ಹಳೆಯ ತಂಡ ಚದುರಿತು. ಆ ಬಳಿಕ ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಹೊಸ ಹೆಸರು ಬಂದಿತು. ಬೇರೆ ಬೇರೆ ಕಲಾವಿದರು ಬಂದು ಕೂಡಿಕೊಳ್ಳಬಹುದಾದ ತೆರೆದ ಮನೆ ಎಂಬುದು ಈ ಹೆಸರಿನ ಹಿಂದಿನ ಆಶಯ. 2007ರಲ್ಲಿ ಹಿಂದಿ ಚಲನಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಮುಂಬಯಿಯಲ್ಲಿ ಇವರ ಕಾರ್ಯಕ್ರಮ ಕೇಳಿ ಮೆಚ್ಚಿದರು. ಅವರ ಸಂಸ್ಥೆಯಿಂದಲೇ 2008ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಅದೇ ವರ್ಷ ತೆರೆಕಂಡ ಕನ್ನಡ ಚಿತ್ರ ಸೈಕೋಗೆ ರಘು ದೀಕ್ಷಿತ್ ನೀಡಿದ ಸಂಗೀತವೂ ಮನೆಮಾತಾಯಿತು.

ಭಜನೆಯಿಂದ ಬಂದ ಬಂಡವಾಳ

ಆ ಮೊದಲ ಮುದ್ರಿಕೆಯಲ್ಲಿ ಶಿಶುನಾಳ ಶರೀಫರ ಎರಡು ತತ್ವಪದಗಳಿವೆ. ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. 1819ರಲ್ಲಿ ಜನಿಸಿ 1889ರಲ್ಲಿ ತೀರಿಕೊಂಡ ಶರೀಫರು ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಕಳಸದ ಗೋವಿಂದ ಭಟ್ಟರ ಶಿಷ್ಯರು. ಗುಡುಗುಡಿ, ಮಾಳಿಗೆ, ಬೀಸುಕಲ್ಲು ಮೊದಲಾದ ದಿನಬಳಕೆಯ ವಸ್ತುವನ್ನು ಎದುರಿಗಿಟ್ಟುಕೊಂಡು ದೇಹ ಮನಸ್ಸುಗಳ ವಿಚಾರ ಹೇಳುವುದು ತತ್ವಪದಕಾರರ ದಾರಿ.

ಈ ದಾರಿ ಕಲಬುರಗಿ ಸೀಮೆಗೆ ಹೊಸದಲ್ಲ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರು ಈ ಭಾಗದ ದೊಡ್ಡ ತತ್ವಪದಕಾರರು. ಚೆನ್ನೂರಿನ ಜಲಾಲಸಾಬರು ಅವರ ಶಿಷ್ಯಪರಂಪರೆಯವರು. ಹೆಸರುಗಳೇ ಹೇಳುವಂತೆ, ಇಲ್ಲಿ ಹಾಡುವ ಬಾಯಿಗೆ ಜಾತಿಮತದ ಬೇಲಿ ಇರಲಿಲ್ಲ. ಮಠದಲ್ಲಿ, ಗುಡಿಯ ಕಟ್ಟೆಯ ಮೇಲೆ, ಅಮಾವಾಸ್ಯೆಯ ರಾತ್ರಿ, ಶ್ರಾವಣ ಮಾಸದಲ್ಲಿ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ ಹಿಡಿದು ಅಹೋರಾತ್ರಿ ಭಜನೆ ನಡೆಸುವ ಮೇಳಗಳನ್ನು ನೀವು ಕಂಡಿರುತ್ತೀರಿ.

ಆ ಮೇಳವನ್ನು ಒಮ್ಮೆ ಗಮನವಿಟ್ಟು ನೋಡಿ. ಏಕತಾರಿ ಒಂದೇ ಶ್ರುತಿಯನ್ನು ಮೀಟುತ್ತ ಹಾಡಿಗೆ ನೆಲಗಟ್ಟು ಒದಗಿಸುತ್ತದೆ. ಬ್ಯಾಂಡಿನಲ್ಲಿ ನೆಲಗಟ್ಟಿನ ಕೆಲಸ ಬೇಸ್ ಗಿಟಾರಿನದು. ದಮ್ಮಡಿ ಮತ್ತು ತಾಳದ ಕೆಲಸ ಡ್ರಮ್ಮಿಗೆ ಸೇರಿದ್ದು. ಹಾರ್ಮೋನಿಯಂ ಧಾಟಿಯನ್ನು ಹಿಂಬಾಲಿಸಿದಂತೆ ಅಲ್ಲಿ ಗಿಟಾರೋ ಪಿಟೀಲೋ ಹಿಂಬಾಲಿಸುತ್ತದೆ. ಮುಂದಾಳು ಪಲ್ಲವಿ ಎತ್ತಿಕೊಡುತ್ತಾನೆ, ಹಿಮ್ಮೇಳ ತಿರುಗಿ ಹೇಳುತ್ತದೆ. ಪ್ರತಿ ನುಡಿಗೂ ಧಾಟಿ ಒಂದೇ ಆದ್ದರಿಂದ ಹೊಸಬನೂ ಎರಡನೆಯ ನುಡಿಗೆ ದನಿಗೂಡಿಸಬಲ್ಲ. ಪವರ್ ಪಾಪ್ ತಂಡಗಳು ಬಯಸಿದ್ದೂ ಇದನ್ನೇ. ಭಜನಾ ಮೇಳ ಎಂಬುದು ನಮ್ಮ ಊರಿನ ಬ್ಯಾಂಡೇ ಎಂದರೆ ತಪ್ಪಾಗಲಾರದು.

ತತ್ವಪದವನ್ನು ಹೊಸ ವೇದಿಕೆಗೆ ತಂದವರಲ್ಲಿ ರಘು ದೀಕ್ಷಿತ್ ಮೊದಲಿಗರಲ್ಲ. ಟಿ.ಎಸ್. ನಾಗಾಭರಣ ನಿರ್ದೇಶಿಸಿದ 1990ರ ಸಂತ ಶಿಶುನಾಳ ಶರೀಫ ಚಿತ್ರಕ್ಕೆ ಸಿ. ಅಶ್ವಥ್ ನೀಡಿದ ಸಂಗೀತ ಶರೀಫರ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. ಬ್ಯಾಂಡ್ ಮಾಡಿದ್ದು ಆ ದಾರಿಯ ಮುಂದಿನ ಹೆಜ್ಜೆ.

ಕನ್ನಡ ಬಾರದವರ ನಡುವೆ

2010ರ ನವೆಂಬರ್‌ನಲ್ಲಿ ಈ ತಂಡ ಲಂಡನ್ನಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸಿಕೊಡುತ್ತಿದ್ದ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಇವರ ವೇಷ. ಇದಾದ ಮೇಲೆ ಇವರ ಮುದ್ರಿಕೆ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಸಂದಿತು. ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲೂ ಹಾಡಿದರು. ಎರಡನೆಯ ಮುದ್ರಿಕೆ ಜಗ್ ಚಂಗಾ 2013ರಲ್ಲಿ ಬಂದಿತು. ಅದರಲ್ಲಿಯೂ ಶರೀಫರ ಪದವೊಂದಿದೆ.

ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತ್ ಮತ್ತು ಗೆಳೆಯರ ಸ್ವರಾತ್ಮ ತಂಡವೂ 2009ರಲ್ಲಿ ಮೊದಲ ಮುದ್ರಿಕೆ ಹೊರತಂದಿತು. ಕಾವೇರಿ ನದಿಯ ಅಳಲನ್ನು ಹೇಳುವ ಹಾಡೂ ಅವರ ಹೆಸರಾದ ಹಾಡುಗಳಲ್ಲಿ ಒಂದು. ಒಂದು ತಂಡ ದಾರಿ ಮಾಡಿದರೆ ಇನ್ನೊಂದಕ್ಕೆ ನಡೆಯುವುದು ಸುಲಭ.

ಟೋಕಿಯೋದಲ್ಲಿ ರಾಕ್‌ಫರ್ಡಿನವರಿಗೆ ಆದ ಅನುಭವವನ್ನು ಇಲ್ಲಿ ನೆನೆಯಬೇಕು. ಮಾತು ತಿಳಿಯದಿದ್ದರೂ ಧಾಟಿ ತಿಳಿಯುತ್ತದೆ, ತಾಳ ತಿಳಿಯುತ್ತದೆ, ಹಾಡುವವನ ಮನಸ್ಸು ತಿಳಿಯುತ್ತದೆ. ಪರನಾಡಿನವರ ಮೆಚ್ಚುಗೆ ಪಡೆಯಲು ಪರಭಾಷೆಯಲ್ಲಿಯೇ ಹಾಡಬೇಕೆಂಬ ಕಟ್ಟಳೆಯೇನೂ ಇಲ್ಲ.

ಲಾಭವೇನು, ನಷ್ಟವೇನು?

ಎಲ್ಲರೂ ಇದನ್ನು ಒಪ್ಪುವುದಿಲ್ಲ. ಡ್ರಮ್ಮಿನ ಸದ್ದಿನಲ್ಲಿ ತತ್ವ ಮುಳುಗಿಹೋಗುತ್ತದೆ, ಕೇಳುವವರು ಕುಣಿಯುತ್ತಾರೆಯೇ ಹೊರತು ಅರ್ಥ ಕೇಳುವುದಿಲ್ಲ ಎಂಬ ಆಕ್ಷೇಪವಿದೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಭಜನೆಯ ರಾತ್ರಿಯಲ್ಲಿ ಒಂದು ಪದ ಮುಗಿದ ಮೇಲೆ ಹಿರಿಯರು ಅದರ ಒಳಗಿನ ಮಾತನ್ನು ಬಿಡಿಸಿ ಹೇಳುವುದುಂಟು. ಒಂದು ಪದಕ್ಕೆ ಇನ್ನೊಂದು ಪದ ಉತ್ತರವಾಗಿ ಬರುವುದುಂಟು. ಐದು ನಿಮಿಷದ ಹಾಡಿನಲ್ಲಿ ಆ ಅವಕಾಶವೆಲ್ಲಿ?

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ತತ್ವಪದಗಳ ಸಾಹಿತ್ಯ ಈಗ ಹಲವು ಸಂಪುಟಗಳಲ್ಲಿ ಅಚ್ಚಾಗಿದೆ. ಮಾತು ಕಾಗದದ ಮೇಲೆ ಉಳಿಯುತ್ತದೆ. ಧಾಟಿ ಉಳಿಯುವುದು ಹಾಡುವ ಕಂಠದಲ್ಲಿ. ಮೇಳದ ಹಿರಿಯರೊಬ್ಬರು ತೀರಿಕೊಂಡರೆ ಅವರೊಂದಿಗೆ ಹತ್ತಾರು ಧಾಟಿಗಳು ಮಣ್ಣಾಗಬಹುದು. ಕಲಿಯುವವರಿಲ್ಲದಿರಲು ಒಂದು ಕಾರಣ, ಭಜನೆ ಮುದುಕರದು ಎಂಬ ಯುವಜನರ ಸಂಕೋಚ. ಗಿಟಾರ್ ಹಿಡಿದ ಹುಡುಗನೊಬ್ಬ ಅದೇ ಪದವನ್ನು ಹೆಮ್ಮೆಯಿಂದ ಹಾಡಿದಾಗ ಆ ಸಂಕೋಚ ಹರಿಯುತ್ತದೆ. ಬ್ಯಾಂಡಿನ ಹಾಡು ಕೇಳಿದವನು ಭಜನೆಯ ಕಟ್ಟೆಗೆ ಬಂದು ಕುಳಿತರೆ ನಷ್ಟವಾದ ಅರ್ಥವೂ ಅವನಿಗೆ ದೊರೆಯುತ್ತದೆ.

ನೀವೂ ತಂಡ ಕಟ್ಟಬಹುದು

ಎರಡೂ ತಂಡಗಳ ಕಥೆಯಿಂದ ಕಾಲೇಜು ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಗಳು ಕೆಲವಿವೆ. ಮೊದಲನೆಯದು, ದುಬಾರಿ ವಾದ್ಯಕ್ಕಿಂತ ಮುಂಚೆ ಬೇಕಾದದ್ದು ಜನ ತಿರುಗಿ ಹಾಡಬಲ್ಲ ಒಂದು ಪಲ್ಲವಿ. ಎರಡನೆಯದು, ಬೆಳವಣಿಗೆಗೆ ಕಾಲ ಬೇಕು. ಚೀಪ್ ಟ್ರಿಕ್ ಹೆಸರು ಮಾಡಲು ಸುಮಾರು ಆರು ವರ್ಷ, ಅಂತರಾಗ್ನಿಯ ಹಾಡು ಮುದ್ರಿಕೆಯಾಗಲು ಹತ್ತು ವರ್ಷ ಹಿಡಿಯಿತು. ಮೂರನೆಯದು, ತಂಡದಲ್ಲಿ ಬಂದುಹೋಗುವವರು ಇದ್ದೇ ಇರುತ್ತಾರೆ. ಯಾರೋ ಬಿಟ್ಟುಹೋದರೆಂದು ಹಾಡು ನಿಲ್ಲಬೇಕಾಗಿಲ್ಲ. ನಾಲ್ಕನೆಯದು, ಮುದ್ರಣಕ್ಕಿಂತ ದೊಡ್ಡ ಪರೀಕ್ಷೆ ಎದುರಿಗೆ ಕುಳಿತ ಜನ.

ಇಷ್ಟಕ್ಕೂ ಬಂಡವಾಳ ದೂರದಲ್ಲಿಲ್ಲ. ಆಳಂದದ ಕಾಲೇಜೊಂದರ ನಾಲ್ವರು ಗೆಳೆಯರು ತಮ್ಮ ಊರಿನ ಮೇಳದ ಹಿರಿಯರ ಬಳಿ ಕುಳಿತು ಹತ್ತು ಪದಗಳನ್ನು ಧಾಟಿ ಸಹಿತ ಕಲಿತರೆ, ಆ ಹತ್ತು ಧಾಟಿಗಳು ಇನ್ನೊಂದು ತಲೆಮಾರಿಗೆ ಉಳಿದವು. ಅವುಗಳಿಗೆ ಗಿಟಾರ್ ಜೋಡಿಸುವುದೋ ಏಕತಾರಿಯನ್ನೇ ಉಳಿಸುವುದೋ ಅವರ ಇಷ್ಟ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಊರಿನ ಭಜನಾ ಮೇಳದಲ್ಲಿ ಯಾವ ಯಾವ ವಾದ್ಯಗಳಿವೆ? ಪ್ರತಿಯೊಂದರ ಕೆಲಸವೇನು?

2. ಒಂದೇ ತತ್ವಪದವನ್ನು ಮೇಳದವರಿಂದಲೂ ಬ್ಯಾಂಡಿನಿಂದಲೂ ಕೇಳಿರಿ. ಲಯದಲ್ಲಿ, ಮಾತಿನ ಸ್ಪಷ್ಟತೆಯಲ್ಲಿ ಏನು ವ್ಯತ್ಯಾಸ ಕಂಡಿರಿ?

3. ಹಳೆಯ ಹಾಡನ್ನು ಹೊಸ ವಾದ್ಯಕ್ಕೆ ಅಳವಡಿಸುವಾಗ ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು?