‘ಇದು ನೀನು ಬಿಡಿಸಿದ್ದಲ್ಲ, ಕಂಪ್ಯೂಟರ್ ಬಿಡಿಸಿದ್ದು’: ಫೋನ್‌ನಲ್ಲಿ ಬಿಡಿಸಿದ ಚಿತ್ರ ಯಾರದ್ದು?

(ಈ ವಾರದ ಎಪಿಸೋಡ್‌ನ ಅಕ್ಷರರೂಪ)

 

ಇವತ್ತಿನ ವಿಷಯ ಒಂದು ಫೋನ್ ಕಾಲ್‌ನಿಂದ ಶುರುವಾಯ್ತು. ನನ್ನ ಅಕ್ಕನ ಮಗಳು ಹಾಸನ ಜಿಲ್ಲೆಯ ಒಂದು ಸಣ್ಣ ಊರಲ್ಲಿ ಒಂಬತ್ತನೇ ಕ್ಲಾಸ್ ಓದ್ತಾಳೆ. ಹೋದ ತಿಂಗಳು ಒಂದು ಸಂಜೆ ಫೋನ್ ಮಾಡಿದವಳು, ಹೇಗಿದ್ದೀಯ ಅಂತ ಕೂಡ ಕೇಳದೆ ನೇರವಾಗಿ ಶುರು ಮಾಡಿದಳು: “ಮಾಮ, ಒಂದು ಚಿತ್ರ ಕಳಿಸಿದೀನಿ ನೋಡು. ಇದು ನಾನು ಬಿಡಿಸಿದ್ದಾ, ಕಂಪ್ಯೂಟರ್ ಬಿಡಿಸಿದ್ದಾ? ನೀನೇ ಹೇಳು.”

ನಡೆದದ್ದು ಇಷ್ಟು. ಶಾಲೆಯಲ್ಲಿ ‘ನಮ್ಮೂರ ಕೆರೆ’ ಅಂತ ಚಿತ್ರ ಸ್ಪರ್ಧೆ. ಮನೆಯಲ್ಲೇ ಬಿಡಿಸಿ ತರಬೇಕು. ಇವಳು ಅಮ್ಮನ ಫೋನ್‌ನಲ್ಲಿ, ಐಬಿಸ್ ಪೇಂಟ್ ಅನ್ನೋ ಆ್ಯಪ್‌ನಲ್ಲಿ, ಬರೀ ತೋರುಬೆರಳಿಂದ ಬಿಡಿಸಿದಳು. ಅಮ್ಮನ ಕೆಲಸ ಮುಗಿದು ರಾತ್ರಿ ಒಂಬತ್ತರ ಮೇಲೆ ಫೋನ್ ಕೈಗೆ ಸಿಗ್ತಿತ್ತು. ಹಾಗೆ ಹನ್ನೊಂದು ರಾತ್ರಿ. ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ತಗೊಂಡು ಹೋದಳು. ಮೇಷ್ಟ್ರು ಒಂದು ಸಲ ನೋಡಿ, “ಇದು ನೀನು ಬಿಡಿಸಿದ್ದಲ್ಲ, ಕಂಪ್ಯೂಟರ್ ಬಿಡಿಸಿದ್ದು” ಅಂತ ಪಕ್ಕಕ್ಕಿಟ್ಟರು. ಸ್ಪರ್ಧೆಗೇ ತಗೊಳ್ಳಲಿಲ್ಲ.

ಮೇಷ್ಟ್ರನ್ನ ಬೈದು ಎಪಿಸೋಡ್ ಮುಗಿಸಬಹುದು. ಆದ್ರೆ ಅವರು ಎತ್ತಿದ ಪ್ರಶ್ನೆ ನಿಜವಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಕೊಡೋಕೆ ಆಗುತ್ತಾ ನೋಡೋಣ.

ಚೌಕಗಳ ಲೆಕ್ಕ

ಮೊದಲು ಒಂದು ಬೇಸಿಕ್ ವಿಷಯ. ಫೋನ್‌ಗೆ ಚಿತ್ರ ಅಂದ್ರೆ ಏನು? ಸಣ್ಣ ಸಣ್ಣ ಚೌಕಗಳು, ಅಷ್ಟೇ. ಒಂದೊಂದು ಚೌಕಕ್ಕೆ ಪಿಕ್ಸೆಲ್ ಅಂತ ಹೆಸರು. ಪ್ರತಿ ಪಿಕ್ಸೆಲ್‌ಗೂ ಮೂರು ಅಂಕಿ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದೂ 0ಯಿಂದ 255ರವರೆಗೆ. ಈ ಮೂರನ್ನ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ್ರೆ ಸುಮಾರು 1 ಕೋಟಿ 67 ಲಕ್ಷ ಬಣ್ಣ ಆಗುತ್ತೆ. ಹನ್ನೆರಡು ಬಣ್ಣದ ಕ್ರೇಯಾನ್ ಡಬ್ಬಿಯಲ್ಲಿ ಬೆಳೆದ ನಮಗೆ ಇದು ಸ್ವಲ್ಪ ತಲೆ ತಿರುಗೋ ಲೆಕ್ಕ.

1957ರಲ್ಲಿ ಅಮೆರಿಕದ ರಸೆಲ್ ಕರ್ಷ್ ಅನ್ನೋ ಇಂಜಿನಿಯರ್ ತನ್ನ ಮೂರು ತಿಂಗಳ ಮಗುವಿನ ಫೋಟೊವನ್ನ ಮೊದಲ ಬಾರಿಗೆ ಹೀಗೆ ಚೌಕಗಳಾಗಿ ಕಂಪ್ಯೂಟರ್‌ಗೆ ಹಾಕಿದರು. ಉದ್ದ 176, ಅಗಲ 176. ಒಟ್ಟು 31 ಸಾವಿರ ಚೌಕ ಕೂಡ ಇಲ್ಲ. ಇವತ್ತು ನಿಮ್ಮ ಫೋನ್‌ನ 12 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದೇ ಕ್ಲಿಕ್‌ಗೆ 1 ಕೋಟಿ 20 ಲಕ್ಷ ಚೌಕ ತುಂಬುತ್ತೆ.

ಚೌಕ ಎಣಿಸಿ ಚಿತ್ರ ಮಾಡೋದು ನಮಗೇನೂ ಹೊಸದಲ್ಲ. ಧಾರವಾಡದ ಕಡೆಯ ಕಸೂತಿ ನೋಡಿ. ಬಟ್ಟೆ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕ್ಕೊಳ್ಳಲ್ಲ, ಅಚ್ಚು ಒತ್ತಲ್ಲ. ಎಳೆ ಎಣಿಸ್ತಾ ಎಣಿಸ್ತಾ ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ಹೊಲಿಗೆ ಹಾಕ್ತಾ ಹೋದ್ರೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುತ್ತೆ. ಬಾಗಿಲ ಮುಂದಿನ ಚುಕ್ಕಿ ರಂಗೋಲಿಯೂ ಹಾಗೇನೇ. ಮೊದಲು ಲೆಕ್ಕ, ಆಮೇಲೆ ಗೆರೆ. ಲೆಕ್ಕ ಇದೆ ಅಂತ ಅದನ್ನ ಕಲೆ ಅಲ್ಲ ಅಂದೋರು ಯಾರೂ ಇಲ್ಲ.

1984ರಲ್ಲಿ ಬಂದ ಆ್ಯಪಲ್ ಮ್ಯಾಕಿಂತಾಷ್ ಕಂಪ್ಯೂಟರ್‌ನ ಪುಟ್ಟ ಪುಟ್ಟ ಐಕಾನ್‌ಗಳನ್ನ ಬಿಡಿಸಿದವರು ಸೂಸನ್ ಕೇರ್. ನಗುವ ಕಂಪ್ಯೂಟರ್ ಮುಖ, ಕಸದ ಡಬ್ಬಿ ಎಲ್ಲ ಅವರದ್ದೇ. ಅವರು ಕಂಪ್ಯೂಟರ್ ಓದಿದವರಲ್ಲ, ಕಲೆ ಓದಿದವರು. ಶುರುವಿನಲ್ಲಿ ಗ್ರಾಫ್ ಪುಸ್ತಕ ತಂದು, 32 ಗುಣಿಸು 32 ಚೌಕ ಗುರುತು ಮಾಡ್ಕೊಂಡು, ಕೈಯಲ್ಲಿ ಒಂದೊಂದೇ ಚೌಕ ತುಂಬಿದರು. 1,024 ಚೌಕ. ಯಾವುದು ಕಪ್ಪು, ಯಾವುದು ಬಿಳಿ? ಅದನ್ನ ಕಂಪ್ಯೂಟರ್ ಹೇಳಲಿಲ್ಲ, ಅವರು ಹೇಳಿದರು.

ಡ್ರಾಯಿಂಗ್ಸ್ ಅಂದ್ರೆ ನಮಗೆ ಬೇರೆ

ನಾನು ಬಿ.ಕಾಂ. ಓದಿದವನು. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ‘ಡ್ರಾಯಿಂಗ್ಸ್’ ಅಂದ್ರೆ ಮಾಲೀಕ ಸ್ವಂತ ಖರ್ಚಿಗೆ ಅಂಗಡಿಯಿಂದ ತೆಗೆದ ದುಡ್ಡು. ಕಲೆ ಬಗ್ಗೆ ಮಾತಾಡೋಕೆ ನನ್ನ ಯೋಗ್ಯತೆ ಇಷ್ಟೇ. ಆದ್ರೆ ಇವಳ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅಲ್ಲೇ.

ಟ್ಯಾಲಿಯಲ್ಲಿ ಎಂಟ್ರಿ ಹಾಕಿದ್ರೆ ಕೂಡೋದು, ಕಳೆಯೋದು, ಬ್ಯಾಲೆನ್ಸ್ ಶೀಟ್ ತೆಗೆಯೋದು ಎಲ್ಲ ಸಾಫ್ಟ್‌ವೇರ್ ಮಾಡುತ್ತೆ. ಆದ್ರೆ ಈ 500 ರೂಪಾಯಿ ಆಫೀಸ್ ಖರ್ಚಾ, ಮಾಲೀಕರ ಮನೆ ಖರ್ಚಾ? ಅದನ್ನ ನಿರ್ಧರಿಸೋನು ಅಕೌಂಟೆಂಟ್. ಹಾಗಾಗಿ ಯಾರೂ ‘ಲೆಕ್ಕ ಟ್ಯಾಲಿ ಬರೀತು’ ಅನ್ನಲ್ಲ. ತಪ್ಪಾದ್ರೆ ಬೈಸಿಕೊಳ್ಳೋನೂ ಅಕೌಂಟೆಂಟೇ ತಾನೆ!

ಚಿತ್ರದಲ್ಲೂ ಕೇಳಬೇಕಾದ್ದು ಇದನ್ನೇ. ಯಾವ ಉಪಕರಣ ಅನ್ನೋದಲ್ಲ, ನಿರ್ಧಾರ ಯಾರದ್ದು ಅನ್ನೋದು.

ನಿಜ, ಆ್ಯಪ್ ಸಹಾಯ ಮಾಡುತ್ತೆ. ನಡುಗೋ ಬೆರಳಿನ ಗೆರೆಯನ್ನ ನಯ ಮಾಡುತ್ತೆ. ಇದು ಇವತ್ತಿನ ಆಟವೂ ಅಲ್ಲ. 1963ರಲ್ಲೇ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಅನ್ನೋ ಸಂಶೋಧನಾ ವಿದ್ಯಾರ್ಥಿ ‘ಸ್ಕೆಚ್‌ಪ್ಯಾಡ್’ ಅಂತ ಪ್ರೋಗ್ರಾಂ ಮಾಡಿದ್ದರು. ಬೆಳಕಿನ ಪೆನ್ನಿಂದ ಪರದೆ ಮೇಲೆ ಅಂಕುಡೊಂಕಾಗಿ ಎಳೆದು, ಇವೆರಡು ಗೆರೆ ಸಮಾನಾಂತರ ಇರಲಿ ಅಂದ್ರೆ ಅದು ಸರಿ ಮಾಡಿ ಕೊಡ್ತಿತ್ತು. ಸ್ಕೇಲ್ ಇಟ್ಟು ಗೆರೆ ಎಳೆದ್ರೂ ಅದೇ ತಾನೆ? ಗೆರೆ ನೆಟ್ಟಗೆ ಬಂದದ್ದು ಸ್ಕೇಲ್‌ನಿಂದ. ಗೆರೆ ಎಲ್ಲಿರಬೇಕು ಅನ್ನೋದು ನಮ್ಮಿಂದ.

ನೀರು ನೀಲಿ ಅಲ್ಲ

ಈಗ ಇವಳ ಚಿತ್ರಕ್ಕೆ ಬರೋಣ. ಕೆರೆ ಏರಿ ಇದೆ, ತೂಬಿನ ಕಲ್ಲುಕಂಬ ಇದೆ, ದಡದಲ್ಲಿ ಜೊಂಡು ಇದೆ, ಬಟ್ಟೆ ಒಗೆಯೋ ಕಲ್ಲಿದೆ. ನನಗೆ ವಿಚಿತ್ರ ಅನಿಸಿದ್ದು ನೀರು. ಮಣ್ಣು ಮಣ್ಣಾದ ಹಸಿರು, ಮೇಲೊಂದಿಷ್ಟು ಬೂದಿ ಬಣ್ಣ. “ಯಾಕೆ ಹಿಂಗೆ?” ಅಂತ ಕೇಳಿದೆ.

ಅವಳು ಹೇಳಿದ್ದು ಕೇಳಿ. ಮೊದಲು ಎಲ್ಲರ ಹಾಗೆ ನೀಲಿ ಹಾಕಿದ್ದಳಂತೆ. ಆ್ಯಪ್‌ನಲ್ಲಿ ಐಡ್ರಾಪರ್ ಅಂತ ಒಂದು ಟೂಲ್ ಇದೆ. ಫೋಟೊದ ಯಾವ ಜಾಗಕ್ಕೆ ಮುಟ್ಟಿಸಿದ್ರೂ ಅಲ್ಲಿನ ಬಣ್ಣ ಎತ್ತಿಕೊಡುತ್ತೆ. ಸಂಜೆ ತೆಗೆದ ಕೆರೆಯ ಫೋಟೊಗೆ ಮುಟ್ಟಿಸಿದಳು. ಬಂದ ಅಂಕಿ: ಕೆಂಪು 112, ಹಸಿರು 104, ನೀಲಿ 71. ನೀಲಿಯೇ ಎಲ್ಲಕ್ಕಿಂತ ಕಡಿಮೆ! ನಂಬಿಕೆ ಬರದೆ ಮಾರನೇ ದಿನ ಟ್ಯೂಷನ್ ಮುಗಿಸಿ ಏರಿ ಮೇಲೆ ನಿಂತು ನೋಡಿದಳಂತೆ.

“ಹೌದು ಮಾಮ, ನಮ್ಮ ಕೆರೆ ನೀಲಿ ಇಲ್ವೇ ಇಲ್ಲ. ಇಷ್ಟು ವರ್ಷ ನೋಡ್ತಾ ಇದ್ದೆ, ನೋಡೇ ಇರಲಿಲ್ಲ.”

ಫೋನ್ ಮಕ್ಕಳ ಕಣ್ಣು ಹಾಳು ಮಾಡುತ್ತೆ ಅಂತೀವಿ. ಇಲ್ಲಿ ಅದೇ ಫೋನ್ ಒಂದು ಹುಡುಗಿಯನ್ನ ಕೆರೆ ಏರಿಗೆ ಕಳಿಸಿತು. ಕ್ರಿಯೇಟಿವಿಟಿ ಅಂದ್ರೆ ಇಲ್ಲದ್ದನ್ನ ಕಲ್ಪಿಸಿಕೊಳ್ಳೋದು ಅಂತ ನಾನು ಅಂದ್ಕೊಂಡಿದ್ದೆ. ಇರೋದನ್ನ ಸರಿಯಾಗಿ ನೋಡೋದೂ ಅದರಲ್ಲಿ ಅರ್ಧ ಪಾಲು ಅಂತ ಅವಳಿಂದ ಗೊತ್ತಾಯ್ತು.

ಅಂಡೂ ಬಟನ್ ಬಗ್ಗೆಯೂ ಅವಳಿಗೆ ಒಂದು ಅಭಿಪ್ರಾಯ ಇದೆ. ಡ್ರಾಯಿಂಗ್ ಶೀಟ್‌ಗೆ ದುಡ್ಡು ಕೊಡಬೇಕು, ತಪ್ಪಾದ್ರೆ ಶೀಟ್ ಹೋಯ್ತು. ಅದಕ್ಕೇ ಪೇಪರ್ ಮೇಲೆ ಗೊತ್ತಿರೋದನ್ನೇ ಬಿಡಿಸ್ತೀವಿ. ಫೋನ್‌ನಲ್ಲಿ ಭಯ ಇಲ್ಲ, ಹೊಸದು ಟ್ರೈ ಮಾಡಬಹುದು. “ಆದ್ರೆ ಮಾಮ, ಒಂದು ತೊಂದರೆ. ಒಂದು ಕೊಂಬೆಗೆ ನಲವತ್ತು ಸಲ ಅಂಡೂ ಒತ್ತಿದೀನಿ. ಪೇಪರ್ ಆಗಿದ್ರೆ ಸಾಕು ಅಂತ ಬಿಡ್ತಿದ್ದೆ. ಇಲ್ಲಿ ಸಾಕು ಅನ್ನೋದೇ ಬರಲ್ಲ.” ಹದಿನಾಲ್ಕು ವರ್ಷದ ಹುಡುಗಿ. ನನ್ನ ಎಡಿಟಿಂಗ್ ಟೇಬಲ್ ಸಮಸ್ಯೆಯೂ ಅದೇ!

ಹತ್ತು ಸೆಕೆಂಡಿನ ಕೆರೆ

ಮೇಷ್ಟ್ರ ಅನುಮಾನಕ್ಕೂ ಕಾರಣ ಇದೆ. ಈಗ ಎಐ ಇದೆ. ಒಂದು ಸಾಲು ಟೈಪ್ ಮಾಡಿದ್ರೆ ಚಿತ್ರ ಬರುತ್ತೆ. ಇವಳೂ ಅದನ್ನ ಟ್ರೈ ಮಾಡಿದ್ದಳು, ಮುಚ್ಚಿಡಲಿಲ್ಲ. ‘ಹಳ್ಳಿಯ ಕೆರೆ, ಸಂಜೆ’ ಅಂತ ಕೊಟ್ಟಳಂತೆ. ಹತ್ತು ಸೆಕೆಂಡಿಗೆ ತಾವರೆ, ಹಂಸ, ಹಿಂದೆ ಹಿಮದ ಬೆಟ್ಟ! ಹಾಸನ ಜಿಲ್ಲೆಯ ಕೆರೆ ಹಿಂದೆ ಹಿಮಾಲಯ.

ಯಾಕೆ ಹೀಗಾಗುತ್ತೆ? ಇಂಥ ಎಐ ಮಾದರಿಗಳು ವಿವರಣೆ ಸಮೇತ ಇರೋ ಕೋಟಿಗಟ್ಟಲೆ ಚಿತ್ರಗಳಿಂದ ಕಲಿತಿರುತ್ತವೆ. ಹೆಚ್ಚಿನವು ಕೆಲಸ ಮಾಡೋ ರೀತಿ ಹೀಗೆ: ಟಿವಿ ಸಿಗ್ನಲ್ ಹೋದಾಗ ಪರದೆ ತುಂಬ ಚುಕ್ಕಿ ಕುಣಿಯುತ್ತಲ್ಲ, ಅಂಥ ಗೊಂದಲದಿಂದ ಶುರು ಮಾಡಿ, ನೀವು ಕೊಟ್ಟ ಮಾತಿಗೆ ಹೊಂದೋ ಹಾಗೆ ಹಂತ ಹಂತವಾಗಿ ಗೊಂದಲ ಕಳೆಯುತ್ತಾ ಹೋಗೋದು. ಕೆರೆ ಅಂದ್ರೆ ಅದು ಕಲಿತ ಚಿತ್ರಗಳಲ್ಲಿ ಹೆಚ್ಚಾಗಿ ಏನಿತ್ತೋ ಅದು ಬರುತ್ತೆ. ನಿಮ್ಮೂರ ತೂಬು ಅದಕ್ಕೆ ಗೊತ್ತಿಲ್ಲ. ನೀವು ಹೇಳದಿದ್ರೆ ತಿದ್ದಿಕೊಳ್ಳೋದೂ ಇಲ್ಲ.

“ನೋಡೋಕೆ ನನ್ನ ಚಿತ್ರಕ್ಕಿಂತ ಚೆನ್ನಾಗಿತ್ತು. ಆದ್ರೆ ಕೆಳಗೆ ನನ್ನ ಹೆಸರು ಬರೆಯೋಕೆ ಮನಸ್ಸಾಗಲಿಲ್ಲ” ಅಂದಳು. ಆ ಎರಡು ಚಿತ್ರಗಳ ವ್ಯತ್ಯಾಸ ಅವಳಿಗೆ ಗೊತ್ತಿತ್ತು. ಅದನ್ನ ಕೇಳಿ ತಿಳ್ಕೊಳ್ಳೋ ದಾರಿ ಶಾಲೆಗೆ ಇರಲಿಲ್ಲ.

ಸೇವ್ ಮಾಡಬೇಡ್ರೋ!

ನನ್ನ ಶಾಲೆಯ ಕಂಪ್ಯೂಟರ್ ಲ್ಯಾಬ್ ನೆನಪಾಗುತ್ತೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ಕಂಪ್ಯೂಟರ್‌ಗೆ ಮೂರು ಜನ. ವಿಂಡೋಸ್ ಜೊತೆ 1985ರಿಂದಲೂ ಬರ್ತಾ ಇರೋ ಪೇಂಟ್‌ನಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ. ಬೆಲ್ ಹೊಡೆದ ತಕ್ಷಣ ಸರ್ ಕೂಗೋರು: “ಯಾರೂ ಸೇವ್ ಮಾಡಬೇಡ್ರೋ!” ಎಷ್ಟು ಸೂರ್ಯ ಹಾಗೇ ಮುಳುಗಿದನೋ. ಪರೀಕ್ಷೆಯಲ್ಲಿ ಬಂದ ಪ್ರಶ್ನೆ: ಪೇಂಟ್ ತೆರೆಯುವ ಹಂತಗಳನ್ನು ಬರೆಯಿರಿ. ಸ್ಟಾರ್ಟ್, ಆಲ್ ಪ್ರೋಗ್ರಾಮ್ಸ್, ಆ್ಯಕ್ಸೆಸರೀಸ್, ಪೇಂಟ್. ಎರಡು ಮಾರ್ಕ್ಸು. ತೆರೆದ ಮೇಲೆ ಏನು ಮಾಡಬೇಕು ಅಂತ ಯಾರೂ ಕೇಳಲಿಲ್ಲ.

ಅಸರ್ 2024ರ ಸಮೀಕ್ಷೆ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಅವರಲ್ಲಿ ಹಿಂದಿನ ವಾರ ಓದಿನ ಕೆಲಸಕ್ಕೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಗೆ ಶೇ 76. ಇವಳ ಹನ್ನೊಂದು ರಾತ್ರಿಯನ್ನ ಯಾವ ಲೆಕ್ಕಕ್ಕೆ ಹಾಕೋಣ? ಓದಾ, ಟೈಂಪಾಸಾ?

ಶಾಲೆಗೆ ದೊಡ್ಡ ಬಜೆಟ್ ಏನೂ ಬೇಕಿಲ್ಲ. ಕ್ರೀಟಾ, ಗಿಂಪ್, ಇಂಕ್‌ಸ್ಕೇಪ್ ಎಲ್ಲ ಉಚಿತ. ಅದೂ ಬೇಡ, ಇರೋ ಪೇಂಟನ್ನೇ ಜೂಮ್ ಮಾಡಿ ಒಂದು ಕಸೂತಿ ಗೋಪುರವನ್ನ ಚೌಕ ಚೌಕವಾಗಿ ತುಂಬಿಸಲಿ. ಡ್ರಾಯಿಂಗ್ ಪೀರಿಯಡ್ಡೂ ಕಂಪ್ಯೂಟರ್ ಪೀರಿಯಡ್ಡೂ ಒಂದೇ ಆಗುತ್ತೆ. ಇನ್ನೊಂದು, ಮಕ್ಕಳು ಮಾಡಿದ್ದನ್ನ ದಯವಿಟ್ಟು ಸೇವ್ ಮಾಡಲಿ.

ಎಐ ಅನುಮಾನಕ್ಕೂ ಮದ್ದು ಇದೆ. ನಮ್ಮಲ್ಲಿ ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಡಿಜಿಟಲ್ ಚಿತ್ರಕ್ಕೂ ವೋಚರ್ ಇರುತ್ತೆ. ಏರಿ ಒಂದು ಲೇಯರ್, ನೀರು ಒಂದು ಲೇಯರ್, ಜೊಂಡು ಒಂದು ಲೇಯರ್ ಅಂತ ಒಂದರ ಮೇಲೊಂದು ಪಾರದರ್ಶಕ ಹಾಳೆ ಇಟ್ಟ ಹಾಗೆ ಫೈಲ್‌ನಲ್ಲೇ ಕೂತಿರುತ್ತೆ. ಐಬಿಸ್ ಪೇಂಟ್‌ನಂಥ ಆ್ಯಪ್ ಮೊದಲ ಗೆರೆಯಿಂದ ಕೊನೆವರೆಗೆ ವಿಡಿಯೊ ಕೂಡ ಮಾಡಿ ಕೊಡುತ್ತೆ. ಅದನ್ನ ತೋರಿಸು ಅಂತ ಕೇಳಿ. ಇಲ್ಲಿ ಯಾಕೆ ಈ ಬಣ್ಣ ಅಂತ ಕೇಳಿ. ಬಿಡಿಸಿದ ಮಗು ಹೇಳುತ್ತೆ, ನಿಲ್ಲಿಸೋಕೆ ಕಷ್ಟ ಆಗೋವಷ್ಟು ಹೇಳುತ್ತೆ. ಪೆನ್ಸಿಲ್ ಚಿತ್ರಕ್ಕೂ ಇದೇ ಪ್ರಶ್ನೆ ಕೇಳಬಹುದು. ಗೈಡ್ ನೋಡಿ ಕಾಪಿ ಹೊಡೆದದ್ದು ಆಗ ಗೊತ್ತಾಗುತ್ತೆ.

ಇವಳಿಗೂ ಅದನ್ನೇ ಹೇಳಿದೆ. ಮಾರನೇ ದಿನ ಅಮ್ಮನನ್ನ ಕಾಡಿ ಫೋನ್ ತಗೊಂಡು ಹೋಗಿ, ಎರಡು ನಿಮಿಷದ ಆ ವಿಡಿಯೊವನ್ನ ಸ್ಟಾಫ್ ರೂಂನಲ್ಲಿ ಮೇಷ್ಟ್ರಿಗೆ ತೋರಿಸಿದಳು. ಅವರು ಎರಡು ಸಲ ನೋಡಿದರಂತೆ. ಸ್ಪರ್ಧೆ ಮುಗಿದಿತ್ತು, ಬಹುಮಾನ ಕೊಟ್ಟಾಗಿತ್ತು, ಅದೇನೂ ಬದಲಾಗಲಿಲ್ಲ. ಆದ್ರೆ ಒಂದು ಪ್ರಶ್ನೆ ಕೇಳಿದರಂತೆ: “ನೀರಿಗೆ ಈ ಬಣ್ಣ ಹೆಂಗೆ ತಗೊಂಡೆ?”

ಅವಳು ಅರ್ಧ ಗಂಟೆ ಹೇಳಿದಳಂತೆ.

ನಿಮ್ಮ ಫೋನ್‌ನಲ್ಲೂ ಯಾರಿಗೂ ತೋರಿಸದ ಒಂದು ಚಿತ್ರ ಇರಬಹುದು. ಮನೆಯಲ್ಲಿ ತಮ್ಮನೋ ತಂಗಿಯೋ ಬಿಡಿಸ್ತಾ ಇರಬಹುದು. ‘ಇದೇನು ಆ್ಯಪಾ?’ ಅನ್ನೋ ಮುಂಚೆ, ಹೆಂಗೆ ಮಾಡಿದೆ ಅಂತ ಒಂದು ಸಲ ಕೇಳಿ ನೋಡಿ. ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿವರೆಗೂ, ಸೇವ್ ಮಾಡೋದು ಮರೀಬೇಡಿ. ನಮಸ್ಕಾರ.