ಗಾಳಿಯೊಳಗಿನ ನೀರು

ಕಾರ್ತಿಕದ ಮಳೆ ಹಿಡಿಯಿತೆಂದರೆ ಚೆನ್ನೈಯ ನಮ್ಮ ಮನೆಗಳಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ. ಗೃಹಿಣಿಯರು ಇದನ್ನು ಚೆನ್ನಾಗಿ ಬಲ್ಲರು. ಅದೇ ತೇವವು ಬಣ್ಣದ ಷೆಡ್ಡಿಗೂ ನುಗ್ಗಿ ಒಬ್ಬ ಕೆಲಸಗಾರನ ಅನ್ನಕ್ಕೆ ಕಲ್ಲು ಹಾಕಬಲ್ಲುದೆಂಬುದು ಮಾತ್ರ ನಮಗೆ ತಡವಾಗಿ ತಿಳಿಯಿತು.

ಪೆರಂಬೂರಿನಲ್ಲಿ 1955ರಲ್ಲಿ ರೈಲುಗಾಡಿಯ ಕಾರ್ಖಾನೆ ಆರಂಭವಾಯಿತು. ಲಾರಿ, ಕಾರು, ಮೋಟಾರು ಸೈಕಲ್ಲುಗಳನ್ನೂ ಕಟ್ಟುವ ಊರಿದು. ಬಣ್ಣದ ಕೆಲಸಕ್ಕೆ ಇಲ್ಲಿ ಬರವಿಲ್ಲ. ಅಂಬತ್ತೂರಿನ ನಮ್ಮ ಚಿಕ್ಕ ಷೆಡ್ಡಿನಲ್ಲಿ ನಡೆಯುವುದು ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ. ಒಂದು ನವೆಂಬರಿನಲ್ಲಿ, ಹೊಡೆದ ಬಾನೆಟ್ಟಿನ ಮೇಲೆ ಸಾಸಿವೆಯಷ್ಟು ಗುಳ್ಳೆಗಳೆದ್ದವು. ಉಜ್ಜಿ ಮತ್ತೆ ಹೊಡೆಸಿದೆವು, ಮತ್ತೆ ಗುಳ್ಳೆ. ಬಣ್ಣದ ಅಂಗಡಿಯವರನ್ನು ಬೈದದ್ದಾಯಿತು, ತಿನ್ನರ್ ಬದಲಾಯಿಸಿದ್ದಾಯಿತು. ಕಡೆಗೆ ಸಿಟ್ಟು ಇಳಿದದ್ದು ಬಣ್ಣ ಹೊಡೆಯುವವರ ಮೇಲೆ. ಹೊಸೂರಿನ ಕಡೆಯ ಕನ್ನಡಿಗರು, ಹನ್ನೆರಡು ವರ್ಷದಿಂದ ನಮ್ಮಲ್ಲಿದ್ದವರು. ಕೈ ನೆಟ್ಟಗಿಲ್ಲವೆಂದು ಎರಡು ದಿನದ ಸಂಬಳ ಹಿಡಿದೆವು. “ಗಾಳೀಲಿ ನೀರೈತೆ ಸ್ವಾಮಿ, ಒಂದು ಕಿತ ನೋಡಿ” ಎಂದರು ಅವರು. ನಾವು ಕಿವಿಗೊಡಲಿಲ್ಲ.

ಮಾರನೆಯ ದಿನ ಕಂಪ್ರೆಸರ್ ಕೋಣೆಯ ಬೀಗದ ಕೈ ಕೇಳಿ ಪಡೆದು, ನಮ್ಮೆದುರಿಗೇ ಟ್ಯಾಂಕಿನ ಅಡಿಯ ತಿರುಪನ್ನು ಮೆಲ್ಲಗೆ ಸಡಿಲಿಸಿದರು. ಬುಸ್ಸೆಂದು ಹೊರಬಿದ್ದದ್ದು ಎಣ್ಣೆ ಕಲೆತ, ಮಜ್ಜಿಗೆ ಬಣ್ಣದ ನೀರು. ಬಕೆಟ್ಟು ತುಂಬಿದರೂ ನಿಲ್ಲಲಿಲ್ಲ. ತಿಂಗಳಿನಿಂದ ಅದನ್ನು ಯಾರೂ ತೆರೆದಿರಲಿಲ್ಲ. ಬೀಗದ ಕೈ ನಮ್ಮ ಜೇಬಿನಲ್ಲಿತ್ತಲ್ಲ!

ಅಷ್ಟು ನೀರು ಎಲ್ಲಿಂದ ಬಂತು? 30 ಡಿಗ್ರಿ ಶಾಖದಲ್ಲಿ ಒಂದು ಘನಮೀಟರು ಗಾಳಿ ಹೆಚ್ಚೆಂದರೆ 30 ಗ್ರಾಮ್ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ನೂರಕ್ಕೆ 80 ಪಾಲು ತೇವವಿದ್ದರೆ 24 ಗ್ರಾಮ್ ಆಯಿತು. ಮಾಪಕದ ಮುಳ್ಳು 7 ಬಾರ್ ತೋರಿಸುವಷ್ಟು ಒತ್ತಿದಾಗ 8 ಘನಮೀಟರು ಗಾಳಿ ಒಂದರ ಜಾಗಕ್ಕೆ ಇಳಿಯುತ್ತದೆ. ಅದರಲ್ಲಿರುವ ಆವಿ 192 ಗ್ರಾಮ್. ತಣಿದ ಮೇಲೆ ಉಳಿಯಬಲ್ಲುದು 30 ಮಾತ್ರ. ಮಿಕ್ಕದ್ದು ನೀರಾಗಲೇಬೇಕು. ನಿಮಿಷಕ್ಕೆ ಒಂದು ಘನಮೀಟರು ಗಾಳಿ ಸೆಳೆಯುವ ಯಂತ್ರ 8 ಗಂಟೆ ದುಡಿದರೆ ಸುಮಾರು 9ರಿಂದ 10 ಲೀಟರು! ತಣ್ಣೀರಿನ ಚೊಂಬು ಬೆವರುವುದೂ ಇದೇ ನ್ಯಾಯದಿಂದ.

ಸ್ಪ್ರೇ ಗನ್ನಿನ ಬಳಿ ಫಿಲ್ಟರು ಇರಲಿಲ್ಲವೆ ಎಂದು ವಾಚಕರು ಕೇಳಬಹುದು. ಇತ್ತು. ಆದರೆ ಫಿಲ್ಟರು ಹಿಡಿಯುವುದು ಹನಿಯನ್ನು, ಆವಿಯನ್ನಲ್ಲ. ಬಿಸಿಯಾಗಿ ಬಂದ ಗಾಳಿ ಆವಿಯ ಸಮೇತ ಅದನ್ನು ದಾಟಿ, ಮುಂದೆ ರಬ್ಬರ್ ಕೊಳವೆಯಲ್ಲಿ ತಣಿದು ಹನಿಗೂಡುತ್ತದೆ. ಆದ್ದರಿಂದ ಮೊದಲು ತಣಿಸಬೇಕು, ಆಮೇಲೆ ಸೋಸಬೇಕು. ಎಣ್ಣೆಯದು ಬೇರೆ ಕಾಟ: ಪಿಸ್ಟನ್ನಿನ ಉಂಗುರ ಸವೆದರೆ ಎಣ್ಣೆ ಮಂಜಾಗಿ ಗಾಳಿಗೆ ಸೇರುತ್ತದೆ, ಅದು ಬಿದ್ದಲ್ಲಿ ಬಣ್ಣ ನಿಲ್ಲದೆ ಸರಿದು ಮೀನಿನ ಕಣ್ಣಿನಂಥ ಕುಳಿಯಾಗುತ್ತದೆ.

ಪೈಪುಗಳನ್ನು ಮತ್ತೆ ಕೂಡಿಸಿದೆವು. ಈಗ ದೊಡ್ಡ ಪೈಪು ತುಸು ಇಳಿಜಾರಾಗಿ ಸಾಗಿ, ಕೊನೆಯಲ್ಲಿ ನೀರು ಬಿಡುವ ನಲ್ಲಿಗೆ ಮುಟ್ಟುತ್ತದೆ. ಗನ್ನಿನ ಕವಲು ಅದರ ಬೆನ್ನಿನಿಂದ ಮೇಲೆದ್ದು ಬಾಗಿ ಇಳಿಯುತ್ತದೆ. ಮೊದಲು ಹೊಟ್ಟೆಯಿಂದ ತೆಗೆದಿದ್ದೆವು, ನೀರೆಲ್ಲ ಗನ್ನಿಗೇ ಹರಿಯುತ್ತಿತ್ತು. ಗಾಳಿಯನ್ನು 3 ಡಿಗ್ರಿಯ ಸುಮಾರಿಗೆ ತಣಿಸಿ ನೀರಿಳಿಸುವ ಡ್ರೈಯರನ್ನು ಮರುವರ್ಷ ಸಾಲ ಮಾಡಿ ಕೊಂಡೆವು. ಅದಿದ್ದರೂ ಟ್ಯಾಂಕಿನ ತಿರುಪನ್ನು ನಿತ್ಯವೂ ಬಿಡಬೇಕು. ನೀರು ನಿಂತ ಟ್ಯಾಂಕು ಒಳಗಿಂದಲೇ ತುಕ್ಕು ಹಿಡಿದು ತೆಳುವಾಗುತ್ತದೆ. ಒತ್ತಡಕ್ಕೆ ಸಿಡಿದರೆ ಪಕ್ಕದಲ್ಲಿದ್ದವರ ಗತಿಯೇನು?

ಬೆಳಗ್ಗೆ ಬಣ್ಣ ತುಂಬುವ ಮುನ್ನ ಬಿಳಿಯ ಬಟ್ಟೆಯ ಮೇಲೆ ಬರಿಯ ಗಾಳಿ ಊದಿ ನೋಡುತ್ತಾರೆ. ಕಲೆಯಾಗಲಿ ತೇವವಾಗಲಿ ಕಂಡರೆ ಆ ಹೊತ್ತು ಕೆಲಸವಿಲ್ಲ. ನಾವು ಅವಸರಪಡಿಸಿದರೂ ಕೇಳುವುದಿಲ್ಲ.

ಹಿಡಿದ ಸಂಬಳವನ್ನು ಅಂದೇ ಹಿಂದಿರುಗಿಸಿದೆವು. ತೆಗೆದುಕೊಂಡರು, ಮಾತಾಡಲಿಲ್ಲ. ಬೀಗದ ಕೈ ಈಗ ಅವರ ಬಳಿಯೇ ಇದೆ.