ಅಳತೆಗೆ ತಕ್ಕ ಸೈಕಲ್ಲು, ಮಾತಿಗೆ ತಕ್ಕ ಕೆಲಸ

ಅಂಗಡಿಯಲ್ಲಿ ಸಿದ್ಧವಾಗಿರುವ ವಸ್ತುವನ್ನು ಕೊಳ್ಳುವುದು ಒಂದು ಬಗೆ. ನಮ್ಮ ಅಳತೆಗೆ ಹೇಳಿ ಮಾಡಿಸುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಹಣ ಕೊಟ್ಟ ಕೂಡಲೇ ವಸ್ತು ಕೈಸೇರುತ್ತದೆ. ಎರಡನೆಯದರಲ್ಲಿ ಹಣ ಮೊದಲು, ವಸ್ತು ಆಮೇಲೆ. ನಡುವೆ ಇರುವುದು ನಂಬಿಕೆಯೊಂದೇ. ಒಡವೆ, ಬಾಗಿಲು, ಬಟ್ಟೆಗಳ ವಿಷಯದಲ್ಲಿ ನಮ್ಮ ಮನೆಗಳಿಗೆ ಇದು ಹೊಸದಲ್ಲ. ಈಗ ಆ ಸಾಲಿಗೆ ಸೈಕಲ್ಲೂ ಬಂದು ಸೇರಿದೆ.

ಭಾನುವಾರದ ಬೆಳಗಿನ ಜಾವ ಹೆಬ್ಬಾಳ, ಯಲಹಂಕಗಳ ರಸ್ತೆಯಲ್ಲಿ ನಿಂತು ನೋಡಿದವರಿಗೆ ಇದರ ಅರಿವಾದೀತು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಗುರಿಯಾಗಿಸಿಕೊಂಡು ತರುಣ ತರುಣಿಯರು ಸಾಲುಸಾಲಾಗಿ ಸೈಕಲ್ ತುಳಿಯುತ್ತಾ ಸಾಗುತ್ತಾರೆ. ಇವರಲ್ಲಿ ಕೆಲವರು ತಮ್ಮ ಮೈಕಟ್ಟಿಗೆ ಒಪ್ಪುವ ಫ್ರೇಮನ್ನು, ಎಂದರೆ ಸೈಕಲ್ಲಿನ ಚೌಕಟ್ಟನ್ನು, ಬೇರೆಯಾಗಿಯೇ ಮಾಡಿಸಿಕೊಳ್ಳಬಯಸುತ್ತಾರೆ.

ಇದು ಬರಿಯ ಶೋಕಿಯೆಂದು ಹಿರಿಯರು ತಳ್ಳಿಹಾಕಬಾರದು. ನಮ್ಮ ಬಾಲ್ಯದ ಕಪ್ಪು ಸೈಕಲ್ಲನ್ನು ನೆನೆಯಿರಿ. 28 ಅಂಗುಲದ ಚಕ್ರ. ಚೌಕಟ್ಟು ಬಹುಮಟ್ಟಿಗೆ 22 ಇಲ್ಲವೆ 24 ಅಂಗುಲ. ಗಿಡ್ಡನಿಗೂ ಅದೇ, ನೀಳಕಾಯದವನಿಗೂ ಅದೇ. ಹುಡುಗರು ಮೇಲಿನ ಕಂಬಿಯ ಕೆಳಗೆ ಕಾಲು ತೂರಿಸಿ ‘ಒಳಪೆಡ್ಲು’ ಹೊಡೆದುದೇಕೆ? ಸೈಕಲ್ಲು ಅವರ ಅಳತೆಯದಾಗಿರಲಿಲ್ಲ. ಅಳತೆ ತಪ್ಪಿದ ಸವಾರಿ ದೂರ ಸಾಗಿದಂತೆಲ್ಲ ಮೊಣಕಾಲು, ಸೊಂಟ, ಕುತ್ತಿಗೆಗಳಿಗೆ ನೋವು ತರುತ್ತದೆ.

ಅಳತೆಗೆ ತಕ್ಕ ಚೌಕಟ್ಟಿನ ಕಸುಬು ಇಂಗ್ಲೆಂಡ್, ಇಟಲಿ ಮುಂತಾದ ದೇಶಗಳಲ್ಲಿ ಬೇರುಬಿಟ್ಟುದು. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆ 1935ರಲ್ಲಿ ಹೊರತಂದ ‘531’ ಎಂಬ ಉಕ್ಕಿನ ಕೊಳವೆ ಈ ಕಸುಬಿನಲ್ಲಿ ಹೆಸರಾಯಿತು. ಇಂಥ ಕೊಳವೆಗಳ ಗೋಡೆ ಒಂದು ಮಿಲಿಮೀಟರಿಗಿಂತಲೂ ತೆಳು. ಆದ್ದರಿಂದ ಯಶವಂತಪುರದಾಚೆಯ ಪೀಣ್ಯದಲ್ಲಿ ಬೆಸುಗೆಯ ಕಾರ್ಖಾನೆಗಳು ಎಷ್ಟೇ ಇದ್ದರೂ, ಕಿಟಕಿಯ ಗ್ರಿಲ್ ಬೆಸೆಯುವ ಕೈಯೆಲ್ಲ ಸೈಕಲ್ ಚೌಕಟ್ಟನ್ನು ಬೆಸೆಯಬಲ್ಲುದೆಂದು ಭಾವಿಸಲಾಗದು. ಕಾವು ಹೆಚ್ಚಾದರೆ ಕೊಳವೆ ಬಲಗೆಡುತ್ತದೆ. ಬೆಂಗಳೂರಿನಲ್ಲಿಯೇ 2010ರ ದಶಕದಲ್ಲಿ ‘ಬ್ಯಾಂಬೂಚಿ’ ಎಂಬ ಹೆಸರಿನಿಂದ ಬಿದಿರಿನ ಚೌಕಟ್ಟಿನ ಸೈಕಲ್ಲುಗಳು ತಯಾರಾದುವು. ಬಿದಿರನ್ನು ಆರಿಸಿ, ಹದವಾಗಿ ಒಣಗಿಸಿ, ಸಂದುಗಳನ್ನು ಗಟ್ಟಿಗೊಳಿಸಬೇಕಾದ ಈ ಕೆಲಸವೂ ಅವಸರಕ್ಕೆ ಒಗ್ಗುವಂಥದಲ್ಲ.

ಹೀಗೆ ಕಾಲ ಹಿಡಿಯುವ ಕೆಲಸದಲ್ಲಿ ಗಿರಾಕಿಗೆ ನೋವಾಗುವುದು ಎಲ್ಲಿ? ನಾನು ಬಲ್ಲ ಇಬ್ಬರು ತರುಣರ ಅನುಭವವನ್ನು ಹೇಳುವೆನು. ಯಲಹಂಕದ ತರುಣನೊಬ್ಬ ಅರ್ಧ ಹಣ ಮುಂಗಡವಿತ್ತು ಚೌಕಟ್ಟು ಮಾಡಿಸಲು ಒಪ್ಪಿಸಿದನು. ಮೂರು ತಿಂಗಳ ಗಡುವು ಏಳು ತಿಂಗಳಾಯಿತು. ಆ ಅವಧಿಯಲ್ಲಿ ಕರೆ ಮಾಡಿದರೆ ಉತ್ತರವಿಲ್ಲ, ಬರೆದರೆ ಮಾರುತ್ತರವಿಲ್ಲ. ಕೊನೆಗೆ ಬಂದ ಚೌಕಟ್ಟು ಬಲು ಸೊಗಸಾಗಿತ್ತು. ಆದರೂ ಆತ ಆ ಕುಶಲಕರ್ಮಿಯ ಹೆಸರನ್ನು ಮತ್ತೊಬ್ಬರಿಗೆ ಹೇಳಲಿಲ್ಲ. ಆರ್.ಟಿ. ನಗರದ ಇನ್ನೊಬ್ಬನಿಗೂ ಎರಡು ತಿಂಗಳು ತಡವಾಯಿತು. ಆದರೆ ಮಾಡುವವನು ಹದಿನೈದು ದಿನಕ್ಕೊಮ್ಮೆ, ‘ಕೊಳವೆ ಬಂದಿಲ್ಲ’, ‘ಬೆಸುಗೆ ಮುಗಿಯಿತು’, ‘ಬಣ್ಣ ಒಣಗುತ್ತಿದೆ’ ಎಂದು ತಿಳಿಸುತ್ತಲೇ ಇದ್ದನು. ಈತ ಇಂದಿಗೂ ಅವನನ್ನು ಕೊಂಡಾಡುತ್ತಾನೆ. ಇಬ್ಬರಿಗೂ ದೊರೆತ ಚೌಕಟ್ಟು ಚೆನ್ನಾದುದೇ, ಇಬ್ಬರಿಗೂ ತಡವಾದುದು ನಿಜವೇ. ತಡವನ್ನು ಗಿರಾಕಿ ಸಹಿಸಿಯಾನು; ಮುಂಗಡ ಪಡೆದ ಮೇಲಿನ ಮೌನವನ್ನು ಸಹಿಸಲಾರನು.

ಹೆಸರುವಾಸಿಯಾದ ಕಡೆಯಲ್ಲಿ ಕೊಟ್ಟ ಹಣಕ್ಕೆ ಅಪಾಯವೇ ಇಲ್ಲವೆಂದೂ ತಿಳಿಯಲಾಗದು. ಇಂಗ್ಲೆಂಡಿನ ಡರ್ಬಿ ನಗರದಲ್ಲಿ 1946ರಲ್ಲಿ ಆರಂಭವಾದ ಮರ್ಸಿಯನ್ ಸಂಸ್ಥೆ ಕೈಯಿಂದ ಚೌಕಟ್ಟು ಮಾಡುವುದರಲ್ಲಿ ಬಹು ಖ್ಯಾತವಾದುದು. ಅದೂ 2024ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಹೊಸ ಒಡೆಯರು ಮುಂದೆ ಬಂದು ಆ ಹೆಸರನ್ನು ಉಳಿಸಿಕೊಂಡುದು ಸಮಾಧಾನದ ಸಂಗತಿ. ಎಂಟು ದಶಕಗಳ ಸಮೀಪಕ್ಕೆ ಬಂದ ಸಂಸ್ಥೆಗೇ ಈ ಗತಿಯಾದರೆ, ಒಬ್ಬಿಬ್ಬರೇ ನಡೆಸುವ ಸಣ್ಣ ಕಾರ್ಯಾಗಾರದ ವಿಷಯದಲ್ಲಿ ಎಚ್ಚರ ತಪ್ಪಬಾರದಷ್ಟೆ.

ಆದಕಾರಣ ಮಾಡಿಸುವವರು ಕೆಲವು ನಿಯಮಗಳನ್ನು ಪಾಲಿಸುವುದು ಲೇಸು. ಹಣವನ್ನೆಲ್ಲ ಒಮ್ಮೆಗೇ ಕೊಡದೆ, ಕೆಲಸದ ಹಂತ ನೋಡಿ ಕೊಡಬೇಕು; ಪ್ರತಿ ಕಂತಿಗೂ ರಸೀದಿ ಪಡೆಯಬೇಕು. ಕೊಳವೆಯ ಬಗೆ, ಅಳತೆ, ಬಣ್ಣ, ಮುಗಿಸುವ ದಿನ, ಬೆಸುಗೆ ಬಿಟ್ಟರೆ ಸರಿಪಡಿಸುವ ಹೊಣೆ ಇವೆಲ್ಲ ಬರಹದಲ್ಲಿರಬೇಕು. ಅಳತೆಯನ್ನು ಸ್ವತಃ ಅರಿತಿರುವುದೂ ಒಳ್ಳೆಯದು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಗಳ ನಡುವೆ ಪುಸ್ತಕವೊಂದನ್ನು ಮೇಲಕ್ಕೊತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಬೇಕು. ಇದನ್ನು 0.883ರಿಂದ ಗುಣಿಸಿದರೆ ಪೆಡಲ್ಲುಗಳ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ. ಕಾಲಿನ ಅಳತೆ 80 ಸೆಂಟಿಮೀಟರ್ ಆದರೆ ಇದು 70.6 ಸೆಂಟಿಮೀಟರ್. ಅಮೆರಿಕದ ಪ್ರಸಿದ್ಧ ಸವಾರ ಗ್ರೆಗ್ ಲೆಮಾಂಡ್ ಅವರ ಹೆಸರಿನಿಂದ ಪ್ರಚಾರಕ್ಕೆ ಬಂದ ಲೆಕ್ಕವಿದು. ಇನ್ನು, ಕೊಳವೆ ಕತ್ತರಿಸಿದ ಮೇಲೆ ಮನಸ್ಸು ಬದಲಿಸಿ ಮಾಡುವವನನ್ನು ದೂರುವುದು ನ್ಯಾಯವಲ್ಲ.

ಇಷ್ಟಾದರೂ ಅನ್ಯಾಯವಾದರೆ ಕಾನೂನಿನ ಆಸರೆಯುಂಟು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸ್ಥಾನದಲ್ಲಿ ಬಂದ 2019ರ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೊಂಡಿತು. ಇದರಂತೆ ಗ್ರಾಹಕನು ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಮಾಡುವವನು ಪರರಾಜ್ಯದವನಾದರೂ ಅಲ್ಲಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಸಲಹೆ ಪಡೆಯಬಹುದು. ರಸೀದಿ, ಬರಹಗಳು ಆಗ ಕೈಹಿಡಿಯುತ್ತವೆ.

ಕಸುಬಿನವರಲ್ಲಿಯೂ ಒಂದು ಬಿನ್ನಹ. ಒಳ್ಳೆಯ ಬೆಸುಗೆಗೆ ವರ್ಷಗಳ ಅಭ್ಯಾಸ ಬೇಕು. ‘ಇನ್ನೂ ಹತ್ತು ದಿನ ತಡವಾದೀತು’ ಎಂದು ತಿಳಿಸಲು ಎರಡು ನಿಮಿಷ ಸಾಕು. ಆ ಎರಡು ನಿಮಿಷವೂ ನೀವು ಪಡೆದ ಮುಂಗಡದಲ್ಲಿಯೇ ಸೇರಿದೆ.